ಖುಲ್ಲಾ ಆಟವನ್ನು ಅಗ್ಗದಲ್ಲಿ ಕಲಿತದ್ದು

ಬಾವಿಗೆ ಇಳಿಯುವ ಮುಂಚೆ ಮೆಟ್ಟಿಲು ಎಣಿಸುವವರು ಕೆಲವರು, ಧುಮುಕಿದ ಮೇಲೆ ಮೆಟ್ಟಿಲು ಇದ್ದವೇ ಎಂದು ಕೇಳುವವರು ಕೆಲವರು. ನಾನು ಮೊದಲನೆಯ ಪಂಗಡದವನು. ನಿಜ ಹೇಳಬೇಕೆಂದರೆ ಮೆಟ್ಟಿಲು ಎಣಿಸಿ, ಸಾಕಷ್ಟು ಇವೆ ಎಂದು ಸಮಾಧಾನಪಟ್ಟು, ಮೈ ಒದ್ದೆಯಾಗದಂತೆ ಮನೆಗೆ ವಾಪಸು ಬರುವವನು. ಬಸವಕಲ್ಯಾಣದಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಅಲ್ಲಿ ಎಲ್ಲಕ್ಕೂ ಒಂದೇ ದರ. ಚೌಕಾಸಿ ಮಾಡುವ ಧೈರ್ಯ ನನಗಿಲ್ಲವಾದ್ದರಿಂದ ಗಿರಾಕಿಗಳಿಗೂ ಅದಕ್ಕೆ ಅವಕಾಶ ಕೊಟ್ಟಿಲ್ಲ. ಜನ ಇದನ್ನು ಪ್ರಾಮಾಣಿಕತೆ ಎಂದು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಇಂಥವನಿಗೆ ಇಸ್ಪೀಟಿನ ಚಟವೇ ಎಂದು ನೀವು ಹುಬ್ಬೇರಿಸಬಹುದು. ಚಟ ಎನ್ನುವಷ್ಟು ದೊಡ್ಡ ಮಾತೇನಲ್ಲ. ಪ್ರತಿ ಆದಿತ್ಯವಾರ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ ಹುಮನಾಬಾದಿಗೆ ಹೋಗುತ್ತೇನೆ. ಅಲ್ಲಿ ಗೊಬ್ಬರದ ಅಂಗಡಿಯ ಘಾಳೆಪ್ಪನ ಮನೆಯ ಪಡಸಾಲೆಯಲ್ಲಿ ನಾವು ನಾಲ್ವರು ಕೂತು ತೀನ್ ಪತ್ತಿ ಆಡುತ್ತೇವೆ. ಘಾಳೆಪ್ಪ, ನಾನು, ಗಾದಿ ಹೊಲಿಸಿ ಮಾರುವ ಖಾಜಾ ಭಾಯಿ, ಚಿಟಗುಪ್ಪದ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ಮಾಣಿಕ. ಖಾಜಾ ಭಾಯಿ ನಮಗೆಲ್ಲ ಹಿರಿಯರು, ಮಾತು ಜಾಸ್ತಿ. ಮಾಣಿಕನಿಗೆ ಮಾತು ಕಡಿಮೆ, ತರಗತಿಯಲ್ಲಿ ಎಲ್ಲ ಖರ್ಚು ಮಾಡಿ ಬರುತ್ತಾನೇನೋ. ನಾವು ದುಡ್ಡಿಟ್ಟು ಆಡುವುದಿಲ್ಲ, ಹುಣಸೆಬೀಜ ಇಟ್ಟು ಆಡುತ್ತೇವೆ. ಸಂಜೆ ಯಾರ ಬಳಿ ಬೀಜ ಕಡಿಮೆಯೋ ಅವರು ಎಲ್ಲರಿಗೂ ಮಿರ್ಚಿ ಭಜಿ, ಚಹಾ ಕೊಡಿಸಬೇಕು. ಭಜಿ ಒಂದು ನೆಪ. ಅಂಗಡಿಯಲ್ಲಿ ನಾನು ಸಾವ್ಕಾರ, ಮನೆಯಲ್ಲಿ ಅಪ್ಪ, ಬೀಗರಲ್ಲಿ ಅಳಿಯ. ನನ್ನನ್ನು 'ಮಲ್ಲ್ಯಾ' ಎಂದು ಕರೆಯುವವರು ಭೂಮಿಯ ಮೇಲೆ ಉಳಿದಿರುವುದು ಆ ಪಡಸಾಲೆಯಲ್ಲಿ ಮಾತ್ರ.

ಇಷ್ಟು ವರ್ಷ ನಮ್ಮ ಆಟಕ್ಕೆ ಒಂದು ಕಟ್ಟು ಇತ್ತು. ಒಂದು ಸಲಕ್ಕೆ ಎರಡು ಬೀಜಕ್ಕಿಂತ ಹೆಚ್ಚು ಹಾಕುವಂತಿಲ್ಲ. ಈ ಕಟ್ಟಿನ ಆಟದಲ್ಲಿ ನಾನು ಪಳಗಿದ ಹುಲಿ. ಎಲೆ ಕೆಟ್ಟದಿದ್ದರೆ ಚೆಲ್ಲಿ ಆ ಆಟ ಬಿಡುವುದು, ಒಳ್ಳೆಯದಿದ್ದರೆ ಎರಡೆರಡು ಬೀಜ ಸರಿಸುತ್ತಾ ಹೋಗುವುದು, ಅನುಮಾನ ಬಂದರೆ ಇನ್ನೆರಡು ಬೀಜ ಕೊಟ್ಟು ಎದುರಿನವರ ಎಲೆ ನೋಡಿಬಿಡುವುದು. ಎರಡು ಬೀಜಕ್ಕೆ ಯಾರ ಮನೆ ಮುಳುಗುತ್ತದೆ? ಭಜಿ ಕೊಡಿಸುವ ಪಾಳಿ ನನಗೆ ಬಂದದ್ದು ಅಪರೂಪ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಖಾಜಾ ಭಾಯಿ ಕಲಬುರಗಿಯ ಮದುವೆಯೊಂದಕ್ಕೆ ಹೋಗಿ ಬಂದ ಮೇಲೆ. ಅಲ್ಲಿನ ಹುಡುಗರು ಅವರಿಗೆ ಹೊಸ ಹುಚ್ಚು ಹಿಡಿಸಿದ್ದರು. ಬಂದವರೇ, "ಎರಡೆರಡು ಬೀಜ ಹಾಕ್ಕೋತ ಕೂತ್ರ ನಾವs ಹುಣಸಿ ಗಿಡ ಆಗ್ತೀವಿ. ಇವತ್ತಿನಿಂದ ಖುಲ್ಲಾ!" ಎಂದು ಸಾರಿದರು. ಖುಲ್ಲಾ ಎಂದರೆ ಕಟ್ಟಿಲ್ಲದ ಆಟ. ಮುಂದಿರುವ ರಾಶಿಯನ್ನೆಲ್ಲ ಒಮ್ಮೆಗೇ ನೂಕಬಹುದು. ಎದುರಿನವನು ಎಲೆ ಚೆಲ್ಲಬೇಕು, ಇಲ್ಲವೇ ತನ್ನ ರಾಶಿಯನ್ನೂ ನೂಕಬೇಕು. ಬೀಜ ಮುಗಿದವನು ಎದ್ದು ಹೋಗಬೇಕು.

ಮೊದಲ ಆದಿತ್ಯವಾರ ನನ್ನ ಕೈಯಲ್ಲಿ ರಾಜರ ಜೋಡಿ ಬಂತು. ಖಾಜಾ ಭಾಯಿ ರಾಶಿ ನೂಕಿದರು. ಅವರ ಎಲೆ ನೋಡದೆ ಬಿಡುವುದುಂಟೇ ಎಂದು ಹಳೆಯ ರೂಢಿಯಲ್ಲಿ ನಾನೂ ನೂಕಿದೆ. ನೋಡಿದೆ. ಮೂರೂ ಒಂದೇ ಬಣ್ಣದ ಎಲೆಗಳು, ಜೋಡಿಗಿಂತ ಮೇಲು. ನಾನು ಬಸ್ಸಿನಲ್ಲಿ ಕೂತು ಬಂದಷ್ಟು ಹೊತ್ತೂ ಆಡಿರಲಿಲ್ಲ. ಉಳಿದ ಮಧ್ಯಾಹ್ನವನ್ನು ತೂಗುಮಂಚದ ಮೇಲೆ ಘಾಳೆಪ್ಪನ ಕಾಕಾ ಅವರೊಡನೆ ಕಳೆಯಬೇಕಾಯಿತು. ಕಾಕಾ ಅವರ ಬಲ ಮೊಣಕಾಲಿನ ಆಪರೇಷನ್ ಆಗಿದೆ. ಅದರ ಕಥೆ ಅಂದು ಪೂರ್ತಿ ಕೇಳಿದೆ. ಎಡ ಮೊಣಕಾಲಿನದು ಇನ್ನೂ ಆಗಬೇಕಿದೆಯಂತೆ, ಅದರ ಕಥೆಯನ್ನೂ ಕೇಳಿದೆ.

ಎರಡನೆಯ ವಾರ ಬುದ್ಧಿ ಕಲಿತು, ಯಾರು ನೂಕಿದರೂ ಚೆಲ್ಲುತ್ತಾ ಕೂತೆ. ಪ್ರತಿ ಆಟಕ್ಕೆ ಮೊದಲು ಇಡಲೇಬೇಕಾದ ಒಂದೊಂದು ಬೀಜವೇ ನನ್ನ ರಾಶಿಯನ್ನು ಇರುವೆ ಸಕ್ಕರೆ ಹೊತ್ತಂತೆ ಹೊತ್ತುಕೊಂಡು ಹೋಯಿತು. ಎದ್ದು ತೂಗುಮಂಚದತ್ತ ಬಂದರೆ ಮಂಚ ಖಾಲಿ. ಕಾಕಾ ಕೋಲೂರಿಕೊಂಡು ನನಗಿಂತ ಮೊದಲೇ ಹೋಗಿ ನನ್ನ ಗಾದಿಯ ಮೇಲೆ ಕೂತಿದ್ದರು! ಕೂತವರು ಮೊದಲ ಆಟದಲ್ಲೇ ಖಾಜಾ ಭಾಯಿಯ ರಾಶಿಯನ್ನು ಹೆಚ್ಚುಕಡಿಮೆ ಖಾಲಿ ಮಾಡಿಬಿಟ್ಟರು. ಸಂಜೆ ಖಾಜಾ ಭಾಯಿ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಂಗ ಖುಲ್ಲಾ ಒಗ್ಗೂದಿಲ್ಲೋ ಮಲ್ಲ್ಯಾ. ನೀ ಆರಾಮ್ ಕೂತು ನೋಡು, ಕಾಕಾ ಆಡ್ಲಿ" ಎಂದರು. ಪ್ರೀತಿಯಿಂದಲೇ ಹೇಳಿದರು, ಅದಕ್ಕೇ ಹೆಚ್ಚು ನೋವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಕಲಿಯಲೇಬೇಕು, ಆದರೆ ಅಗ್ಗದಲ್ಲಿ ಕಲಿಯಬೇಕು ಎಂದು ನಿಶ್ಚಯಿಸಿದೆ. ಹುಮನಾಬಾದಿನಲ್ಲಿ ಸೋತು ಕಲಿಯಲು ಹೋದರೆ ಕಲಿಯುವಷ್ಟರಲ್ಲಿ ಗಾದಿ ಕೈಬಿಡುತ್ತದೆ. ಹೀಗಾಗಿ ಮನೆಯಲ್ಲೇ ಶಾಲೆ ತೆರೆದೆ. ಹೆಂಡತಿ ಸುವರ್ಣಾಳಿಗೆ ಆಟ ಹೇಳಿಕೊಟ್ಟೆ. ಮುಡಬಿಯಿಂದ ಬಂದಿದ್ದ ಅತ್ತೆಯೂ ಕೂತರು. ಮನೆಯಲ್ಲಿ ಹುಣಸೆಬೀಜ ಇರಲಿಲ್ಲ, ಹುರಿದ ಶೇಂಗಾ ಇತ್ತು. ಅದೇ ಮೊದಲ ತಪ್ಪು. ಅತ್ತೆ ತಮ್ಮ ಪಾಲಿನ ಬಂಡವಾಳವನ್ನು ಬೆಲ್ಲದ ಜೊತೆ ಮೆಲ್ಲುತ್ತಾ ಕೂತರು. ನಾನು ಗಂಭೀರವಾಗಿ ಇಡೀ ರಾಶಿ ನೂಕಿ ಹೆದರಿಸಿದರೆ, "ನಿಮ್ಮದೇನದ ನೋಡೇ ಬಿಡೂಣ ಅಳ್ಯಾರ" ಎಂದು ಉಳಿದ ನಾಲ್ಕು ಕಾಳನ್ನು ನಿಶ್ಚಿಂತೆಯಿಂದ ನೂಕುವರು. ಯಾರೂ ಹೆದರಲಿಲ್ಲ, ಯಾರೂ ಚೆಲ್ಲಲಿಲ್ಲ. ಶೇಂಗಾ ಹೋದರೆ ಡಬ್ಬಿಯಲ್ಲಿ ಇನ್ನೂ ಇತ್ತಲ್ಲ. ಅಗ್ಗದ ಪಾಠದ ತೊಂದರೆ ನನಗೆ ಆಗ ತಿಳಿಯಿತು. ಹೋದರೆ ಹೋಗಲಿ ಎನ್ನುವ ವಸ್ತುವಿಟ್ಟು ಆಡಿದರೆ ಖುಲ್ಲಾ ಆಟಕ್ಕೂ ಶೇಂಗಾ ತಿನ್ನುವುದಕ್ಕೂ ಏನೂ ವ್ಯತ್ಯಾಸವಿಲ್ಲ.

ಅತ್ತೆ ಊರಿಗೆ ಹೋದ ಮೇಲೆ ಸುವರ್ಣಾಳ ಮುಂದೆ ಇದನ್ನೇ ಹೇಳಿಕೊಂಡೆ. "ಹಂಗಾರ ಹೋದ್ರ ಹೊಟ್ಟಿ ಉರಿಯೂವಂಥಾದ್ ಇಡ್ರಿ" ಎಂದಳು.

"ಏನಿಡ್ಲಿ?"

"ಆದಿತ್ಯವಾರ ಇಡ್ರಿ. ಬರೂ ಆದಿತ್ಯವಾರ ಮೋರಖಂಡ್ಯಾಗ ನಮ್ಮ ಚಿಗವ್ವನ ಸೊಸಿ ಕುಬಸ ಅದ. ಎಲಿ ಚೆಲ್ಲಿದ್ರ ಆ ಒಂದು ದಿನ ನನ್ನ ಸಂಗಟ ಬರಬೇಕು, ನೂಕಿ ಸೋತ್ರ ಈ ವರ್ಷದ ಆದಿತ್ಯವಾರ ಎಲ್ಲಾ ನಂದು. ಗೆದ್ರ, ಈ ವರ್ಷ ನಿಮ್ಮ ಆದಿತ್ಯವಾರದ ಸುದ್ದಿಗೇ ನಾ ಬರಂಗಿಲ್ಲ."

ಅಂಜುತ್ತಲೇ ಒಪ್ಪಿಕೊಂಡೆ. ಕುಬಸದ, ಅಂದರೆ ಸೀಮಂತದ ಮನೆಯಲ್ಲಿ ಗಂಡಸರಿಗೆ ಊಟದ ಹೊರತು ಬೇರೆ ಕೆಲಸವಿಲ್ಲ. ಊಟ ಮುಗಿದ ಮೇಲೆ ಹೆಂಗಸರ ಹಾಡು ಮುಗಿಯುವವರೆಗೆ ಚಪ್ಪಲಿ ಕಾಯುತ್ತಾ ಕೂರಬೇಕು. ಎಲೆ ಹಂಚಿದೆ. ದೇವರ ದಯೆ, ಮತ್ತೆ ರಾಜರ ಜೋಡಿ! ಸುವರ್ಣಾ ತನ್ನ ಎಲೆಗಳನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಇಡೀ ರಾಶಿಯನ್ನು ನೂಕಿದಳು. ನಾನು ಅವಳ ಮುಖ ನೋಡಿದೆ. ಹಾಲು ಕಾಯಲು ಇಟ್ಟು ಬಂದವಳ ಮುಖದಂತೆ ಇತ್ತು, ಲಕ್ಷ್ಯವೆಲ್ಲ ಅಡುಗೆಮನೆಯ ಕಡೆ. ಇಷ್ಟು ನಿಶ್ಚಿಂತೆ ದೊಡ್ಡ ಎಲೆ ಇಲ್ಲದೆ ಬರುವುದಿಲ್ಲ ಎಂದು ನನ್ನ ರಾಜರನ್ನು ಚೆಲ್ಲಿದೆ. ಆಮೇಲೆ ಅವಳು ತನ್ನ ಎಲೆ ತಿರುಗಿಸಿದಳು. ಎರಡು, ನಾಲ್ಕು, ಒಂಬತ್ತು. ಶುದ್ಧ ಕಸ.

"ಇದನ್ನ ಹಿಡ್ಕೊಂಡು ಹ್ಯಾಂಗ ನೂಕಿದೀ?" ಎಂದೆ.

"ಆದಿತ್ಯವಾರ ಹೋಗ್ತದಂತ ನೀವು ಅಂಜಿದ್ರಿ. ನಂಗ ಮೋರಖಂಡಿಗಿ ಒಬ್ಬಾಕೀನೇ ಹೋಗಿ ರೂಢಿ ಅದ. ನಾ ಯಾಕ ಅಂಜ್ಲಿ?"

ಮೋರಖಂಡಿಗೆ ಹೋದೆ. ಹೋಳಿಗೆ ಚೆನ್ನಾಗಿತ್ತು, ಚಪ್ಪಲಿಗಳೂ ಸುರಕ್ಷಿತವಾಗಿದ್ದವು. ವಾಪಸು ಬರುವಾಗ ಶೇರ್ ಆಟೋದಲ್ಲಿ ಎರಡು ಚೀಲಗಳ ನಡುವೆ ಸಿಕ್ಕಿಕೊಂಡು ಕೂತ ಸುವರ್ಣಾ ತಾನಾಗಿಯೇ ಹೇಳಿದಳು: "ನೀವು ಬೀಜ ಮುಂದ ಸರಸಿದ್ರ ಎಲಿ ಅದ ಅಂತ ನಿಮ್ಮ ದೋಸ್ತರಿಗೆಲ್ಲಾ ಗೊತ್ತದ. ಇಲ್ಲದಾಗ ಒಮ್ಮಿ ಸರಸಿ ನೋಡ್ರಿ." ಆ ಕ್ಷಣ ನನಗೆ ಬೆಳಕು ಹರಿಯಿತು ಎಂದು ಬರೆದರೆ ಚಂದ. ಆದರೆ ನಾನು ಹೇಳಿದ್ದು, "ಅದು ಮೋಸ ಆಗ್ತದಲ್ಲ?" ಎಂದು. ಅವಳು ನಕ್ಕು ಚೀಲದ ಕಡೆ ತಿರುಗಿದಳು.

ಮುಂದಿನ ಆದಿತ್ಯವಾರ ಹುಮನಾಬಾದಿಗೆ ಹೋದಾಗ ಕಾಕಾ ಪಡಸಾಲೆಯಲ್ಲೇ ಗೋಡೆಗೆ ಒರಗಿ, ಕೋಲು ಮಡಿಲಲ್ಲಿಟ್ಟುಕೊಂಡು ಸಿದ್ಧರಾಗಿ ಕೂತಿದ್ದರು. ಘಾಳೆಪ್ಪ ನನ್ನ ಮುಖ ನೋಡದೆ ಎಲೆ ಕಲೆಸುತ್ತಾ, "ಇವತ್ತೂ ನಿನ್ನ ಬೀಜ ಲಗೂ ಮುಗದ್ರ, ಮುಂದಿನ ವಾರದಿಂದ ಕಾಕಾನೇ ಕೂಡ್ಲಿ. ತಪ್ಪು ತಿಳ್ಕೋಬ್ಯಾಡ ಮಲ್ಲ್ಯಾ, ನಾಕು ಮಂದಿ ಪೂರಾ ಹೊತ್ತು ಬೇಕಲ್ಲ" ಎಂದ. ಅವನ ಮಾತು ನ್ಯಾಯವಾಗಿತ್ತು. ಇಷ್ಟು ವರ್ಷ ಒಂದೇ ಗಾದಿಯ ಮೇಲೆ ಕೂತವನು ಇನ್ನು ಮುಂದೆ ಇದೇ ಮನೆಗೆ ನೆಂಟನ ಹಾಗೆ ಬಂದು ಹೋಗಬೇಕಲ್ಲ ಎನಿಸಿತು.

ಆಟ ನಡೆಯಿತು. ನನ್ನ ರಾಶಿ ಎಂದಿನಂತೆ ಕರಗುತ್ತಾ ಅರ್ಧಕ್ಕೆ ಬಂತು. ಕಾಕಾ ಎರಡು ಸಲ ಕೆಮ್ಮಿದರು. ಆಗ ಬಂದವು ಆ ಮೂರು ಎಲೆ: ಮೂರು, ಏಳು, ಹತ್ತು. ಒಂದಕ್ಕೊಂದು ಸಂಬಂಧವಿಲ್ಲ, ಬಣ್ಣವೂ ಬೇರೆ ಬೇರೆ. ಘಾಳೆಪ್ಪ ಮೊದಲೇ ಚೆಲ್ಲಿದ್ದ. ಖಾಜಾ ಭಾಯಿ ಹತ್ತು ಬೀಜ ಹಾಕಿದರು, ಮಾಣಿಕನೂ ಅಷ್ಟೇ ಹಾಕಿದ. ಎಲೆ ಚೆಲ್ಲಲು ಕೈಯೆತ್ತಿದೆ. ಹೇಗಿದ್ದರೂ ಗಾದಿ ಹೋಗುವುದೇ ಸರಿ, ಇನ್ನು ಅಂಜುವುದು ಯಾತಕ್ಕೆ ಎನಿಸಿತೋ ಏನೋ, ಅದೇ ಕೈ ಎಲೆ ಬಿಟ್ಟು ರಾಶಿಯನ್ನು ನೂಕಿಬಿಟ್ಟಿತು. ಒಂದೆರಡು ಬೀಜ ಉರುಳಿ ಕಾಕಾ ಅವರ ಪಾದದ ಬಳಿ ಹೋದವು.

ಖಾಜಾ ಭಾಯಿ ತಮ್ಮ ಎಲೆ ನೋಡಿದರು, ನನ್ನ ನಡುಗುವ ಕೈ ನೋಡಿದರು. "ಮಲ್ಲ್ಯಾನ ಕೈ ನಡಗಾಕತ್ತದ ನೋಡ್ರಿ! ಖುಷೀಲೆ ನಡಗಾಕತ್ತದ. ಇವ ಸುಮ್ನ ಬೀಜ ಸರಸೂ ಮನಶ್ಯಾ ಅಲ್ಲ" ಎಂದು ತಮ್ಮ ಎಲೆಗಳನ್ನು ಬಿಚ್ಚಿಟ್ಟು ಚೆಲ್ಲಿದರು. ಎಂಟು, ಒಂಬತ್ತು, ಹತ್ತು, ಸಾಲಾಗಿ! ಮಾಣಿಕ ಸ್ವಲ್ಪ ಹೊತ್ತು ನನ್ನನ್ನೇ ನೋಡಿ ತನ್ನ ಎಲೆಗಳನ್ನು ಮುಚ್ಚಿದಂತೆಯೇ ಕೆಳಗಿಟ್ಟ. ಎಲ್ಲರೂ ಚೆಲ್ಲಿದ ಮೇಲೆ ಗೆದ್ದವನು ಎಲೆ ತೋರಿಸಬೇಕಾಗಿಲ್ಲ. ರಾಶಿಯನ್ನೆಲ್ಲ ಬಾಚಿಕೊಂಡೆ. ಕಾಕಾ ನಿಟ್ಟುಸಿರು ಬಿಟ್ಟು ತೂಗುಮಂಚಕ್ಕೆ ಹೋದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಖಾಜಾ ಭಾಯಿಗೆ ಸಮಾಧಾನವಿಲ್ಲ. "ತೋರಸಬ್ಯಾಡ, ಬಾಯಿಲೆ ಹೇಳು. ನಿನ್ನ ಮಾತು ನಾ ನಂಬ್ತೀನಿ. ಏನಿದ್ದು?" ಎಂದರು. ನಂಬುತ್ತೇನೆ ಎಂದವರಿಗೆ ಮೂರು, ಏಳು, ಹತ್ತು ಎಂದು ಹೇಗೆ ಹೇಳಲಿ? ಅವರ ಸಾಲಿಗಿಂತ ಮೇಲಿರಲೆಂದು "ಮೂರೂ ರಾಣಿ" ಎಂದುಬಿಟ್ಟೆ. ಖಾಜಾ ಭಾಯಿ ತೊಡೆ ತಟ್ಟಿಕೊಂಡರು. ಸಂಜೆ ಭಜಿ ಅಂಗಡಿಯಲ್ಲಿ, ಸಾಲು ಎಲೆ ಕೈಯಲ್ಲಿದ್ದೂ ತಾವು ಮೂರು ರಾಣಿಯರ ವಾಸನೆ ಹಿಡಿದ ಬಗೆಯನ್ನು ಗುರುತಿದ್ದವರಿಗೂ ಇಲ್ಲದವರಿಗೂ ವರ್ಣಿಸಿದರು. ನನ್ನ ತಟ್ಟೆಗೆ ತಾವೇ ಇನ್ನೊಂದು ಭಜಿ ಹಾಕಿಸಿದರು. ಅದು ಗಂಟಲಲ್ಲಿ ಇಳಿಯಲು ತುಸು ಹೊತ್ತು ಹಿಡಿಯಿತು. ಆದರೂ ಇಳಿಯಿತು, ಸುಳ್ಳೇಕೆ ಹೇಳಲಿ.

ಮಾಣಿಕ, ನಾನು ಬಸ್ ಸ್ಟ್ಯಾಂಡಿಗೆ ಜೊತೆಯಾಗಿ ನಡೆದೆವು. ನನ್ನ ಎದೆ ಹಿಗ್ಗಿ ಅಂಗಿ ಬಿಗಿಯಾಗಿತ್ತು. ಇಂಥ ಕಠಿಣ ವಿದ್ಯೆಯನ್ನು ಒಂದು ಸೇರು ಶೇಂಗಾ, ಒಂದು ಕುಬಸದ ಖರ್ಚಿನಲ್ಲಿ ಕಲಿತೆನಲ್ಲ ಎಂದು ಒಳಗೇ ಬೀಗುತ್ತಿದ್ದೆ. ಚಿಟಗುಪ್ಪದ ಬಸ್ಸು ಬಂದು ನಿಂತಿತು. ಮಾಣಿಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

"ಮಲ್ಲ್ಯಾ, ಎರಡು ರಾಣಿ ನನ್ನ ಕೈಯಾಗ ಇದ್ದವಲ್ಲೋ" ಎಂದ.

ಒಂದು ಇಸ್ಪೀಟು ಕಟ್ಟಿನಲ್ಲಿ ರಾಣಿಯರು ನಾಲ್ಕೇ. ಲೆಕ್ಕ ನನ್ನ ತಲೆಯಲ್ಲಿ ಇಳಿಯುವ ಮೊದಲು ಕಿವಿ ಬಿಸಿಯಾದವು. "ಮತ್ತ ಅಲ್ಲೇ ಯಾಕ ಹೇಳ್ಲಿಲ್ಲೋ?" ಎಂದು ಪಿಸುಗುಟ್ಟಿದೆ.

"ನಿನ್ನ ಮರ್ಯಾದಿ ಹೋಗ್ತದಂತ" ಎಂದ. ನನ್ನ ಕಣ್ಣು ತುಂಬಿ ಬರುವುದರಲ್ಲಿತ್ತು. ಅಷ್ಟರಲ್ಲಿ ಅವನು ಬಸ್ಸು ಹತ್ತಿ ಕಿಟಕಿಯ ಬಳಿ ಕೂತು ತಲೆ ಹೊರಗೆ ಹಾಕಿ ಮಾತು ಮುಗಿಸಿದ: "ಮತ್ತ, ನೀ ಖಾಲಿ ಕೈಲೆನೂ ನೂಕ್ತೀ ಅನ್ನೂದು ಖಾಜಾ ಭಾಯಿಗಿ ಪುಕ್ಕಟೆ ಯಾಕ ಹೇಳ್ಲಿ? ನಂಗ ಬೇಕಾಗ್ತದ. ಮುಂದಿನ ಆದಿತ್ಯವಾರ ತಪ್ಪಸಬ್ಯಾಡ."

ಆ ಆದಿತ್ಯವಾರ ನಾಳೆಯೇ. ವಾರವಿಡೀ ಗಿರಾಕಿಗೆ ಬಟ್ಟೆ ಅಳೆಯುವಾಗಲೂ ಅದೇ ಯೋಚನೆ. ನಿಜವಾದ ಎಲೆ ಬಂದಾಗ ನೂಕಿದರೆ ಮಾಣಿಕ ಚೆಲ್ಲುತ್ತಾನೋ, ಕಸ ಬಂದಾಗ ನೂಕಿದರೆ ಹಿಡಿಯುತ್ತಾನೋ, ನಾನು ಹೀಗೆ ಯೋಚಿಸುತ್ತೇನೆಂದು ಅವನೂ ಯೋಚಿಸಿರುತ್ತಾನೋ. ಮೈ ಸರಿಯಿಲ್ಲ ಎಂದು ಮನೆಯಲ್ಲೇ ಉಳಿಯಬಹುದು. ಆದರೆ ಹೋದರೆ ಮಾಣಿಕ ಕಾದಿದ್ದಾನೆ, ಹೋಗದಿದ್ದರೆ ಕಾಕಾ ಕಾದಿದ್ದಾರೆ. ಸುವರ್ಣಾಳನ್ನು ಕೇಳಿದೆ, ಏನು ಮಾಡಲಿ ಎಂದು. ಶೇಂಗಾ ಡಬ್ಬಿ ತಂದು ಮುಂದಿಟ್ಟು, "ಏನಿಡ್ತೀರಿ?" ಎಂದಳು.