ಶ್ಯಾವಿಗೆ ಒರಳಿನಲ್ಲಿ ಕಾರಿನ ಬುಶ್

ಕೈಯಲ್ಲಿ ಸ್ಪ್ಯಾನರ್ ಹಿಡಿದವನ ಕಣ್ಣಿಗೆ ಮನೆಯ ಪ್ರತಿಯೊಂದು ಸಾಮಾನೂ ಬೇರೇನೋ ಆಗಿ ಕಾಣತೊಡಗುತ್ತದೆ. ಇಡ್ಲಿ ತಟ್ಟೆಯ ಗುಳಿಗಳು ನಟ್ಟು ಬೋಲ್ಟು ಹಾಕಿಡುವುದಕ್ಕೆಂದೇ ಹುಟ್ಟಿದ ಹಾಗಿರುತ್ತವೆ. ಈ ಕಾಯಿಲೆ ನನಗೆ ಚಿಕ್ಕಂದಿನಿಂದ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಚಾಮರಾಜಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನನಗೆ ಪುಸ್ತಕ ಕಂಡರೆ ನಿದ್ದೆ, ತಿರುಪು ಕಂಡರೆ ಎಚ್ಚರ. ನನ್ನನ್ನು ಸಾಕಿದ ಅಕ್ಕ ಟೀಚರು. ಆಕೆಗೆ ನಾನು ಮಾಡಿದ ಒಂದು ಅನ್ಯಾಯವನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಒಪ್ಪಿಕೊಳ್ಳುವಾಗಲೂ ಒಳಗೊಳಗೇ ಖುಷಿಯಾಗುತ್ತಿರುವುದು ಇನ್ನೊಂದು ತಪ್ಪು.

ತೊಂಬತ್ತರ ದಶಕದ ಮಾತು. ನನ್ನ ಹಳೇ ಕಾರು ಒಂದೊಂದು ಗುಂಡಿಗೂ ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಎನ್ನುತ್ತಿತ್ತು. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿನಲ್ಲಿ ಬಳೆಯಂಥ ತೂತು, ಅದರೊಳಗೆ ರಬ್ಬರಿನ ಬುಶ್. ಗುಂಡಿಯ ಏಟನ್ನು ಅದು ನುಂಗಿಕೊಳ್ಳಬೇಕು. ಎರಡು ಕಡೆಯ ನಾಲ್ಕೂ ಸವೆದು ಒಣಕೊಬ್ಬರಿಯಾಗಿದ್ದವು. ಒಂದು ಭಾನುವಾರ ಜಾಕಿ ಕೊಟ್ಟು, ಚಕ್ರ ಕಳಚಿ, ತೋಳುಗಳನ್ನು ಅಂಗಳಕ್ಕೆ ತಂದೆ. ಹಳೆಯ ಬುಶ್‌ಗಳು ಸುತ್ತಿಗೆಗೆ ಹೆದರಿ ಹೊರಬಂದವು. ಹೊಸವು ಒಳಗೆ ಹೋಗಲೊಲ್ಲವು. ಸೋಪಿನ ನೀರು ಹಚ್ಚಿದೆ, ಬಡಿದೆ, ಕೊನೆಗೆ ಮೇಲೆ ಹತ್ತಿ ಕೂತೂ ನೋಡಿದೆ. ಬುಶ್ ಮಾರಿದ ಅಂಗಡಿಯವನು ಮೊದಲೇ ಹೇಳಿದ್ದ: "ಬಡಿದ್ರೆ ಕೂರಲ್ಲ ಗುರು, ಪ್ರೆಸ್ಸಲ್ಲಿ ಒತ್ತಬೇಕು. ವರ್ಕ್‌ಶಾಪ್‌ಗೆ ಕೊಟ್ಬಿಡು."

ಗಿರಣಿಯವನು ವರ್ಕ್‌ಶಾಪಿಗೆ ಹೋಗುವುದೇ? ಅಟ್ಟದ ಮೇಲೆ ಅಮ್ಮನ ಕಾಲದ ಮೂರು ಕಾಲಿನ ಶ್ಯಾವಿಗೆ ಒರಳಿತ್ತು. ಹಿಡಿ ತಿರುಗಿಸಿದರೆ ತಿರುಪು ಇಳಿದು ಹಿಟ್ಟನ್ನು ಒತ್ತುತ್ತದೆ. ಅಕ್ಕ ಬಸವನಗುಡಿಗೆ ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಹಿಟ್ಟು ತುಂಬುವ ಕೊಳವೆ ತೆಗೆದು, ಆ ಜಾಗದಲ್ಲಿ ತೋಳಿನ ತುದಿಯಿಟ್ಟು, ಹಿಡಿಗೆ ನಲ್ಲಿ ಪೈಪು ಸಿಕ್ಕಿಸಿ ತಿರುಗಿಸಿದೆ. ಬುಶ್ ಸದ್ದಿಲ್ಲದೆ ಒಳಗಿಳಿದು ಕೂತಿತು. ನಾನು ಒಬ್ಬನೇ ಅಂಗಳದಲ್ಲಿ ಕುಣಿದೆ. ನಾಲ್ಕನೆಯದಕ್ಕೆ ಒರಳು ಕಿರ್ರೆಂದಿತು. ಬುಶ್ ಕೂತಿತು, ಆದರೆ ತಿರುಪು ಸ್ವಲ್ಪ ಸೊಟ್ಟಗಾಗಿತ್ತು. ಸೀಗೇಪುಡಿ ಹಾಕಿ ತೊಳೆದು ಅಟ್ಟಕ್ಕೇರಿಸಿದೆ. ಸಂಜೆ ಅಕ್ಕನನ್ನು ಕೂರಿಸಿಕೊಂಡು ಪೇಟೆಯ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಕಾರು ಇಳಿಸಿದೆ. "ಏನೋ ಇದು, ತೊಟ್ಟಿಲು ತೂಗಿದ ಹಾಗಿದೆ" ಎಂದಳು.

ಆ ವಾರವೇ ಪಕ್ಕದ ಮನೆಯ ವಿಮಲಮ್ಮ ಮಗಳ ಸೀಮಂತಕ್ಕೆಂದು ಒರಳನ್ನು ಕೇಳಿ ಒಯ್ದು, ಮರಳಿಸಿದರು. ಗೌರಿ ಹಬ್ಬಕ್ಕೆ ಅಕ್ಕ ಇಳಿಸಿ ನೋಡಿದರೆ ತಿರುಪು ಅರ್ಧಕ್ಕೇ ಸಿಕ್ಕಿಕೊಂಡಿತು.

"ನಾನು ಕೊಟ್ಟಾಗ ನೆಟ್ಟಗಿತ್ತು. ಸೊಟ್ಟ ಮಾಡಿ, ಒಂದು ಮಾತೂ ಹೇಳದೆ ಇಟ್ಟು ಹೋಗಿದಾಳಲ್ಲೋ. ಅಮ್ಮನ ಒರಳು."

ಆಗ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. "ಹೋಗ್ಲಿ ಬಿಡಕ್ಕ, ಕೆಲವರ ಕೈಯೇ ಹಾಗೆ" ಎಂದೆ.

ಇಪ್ಪತ್ತು ವರ್ಷದ ಸ್ನೇಹ ನಿಂತುಹೋಯಿತು. ಕಾಂಪೌಂಡ್ ಗೋಡೆಯ ಮೇಲೆ ಹುಳಿ, ಪಲ್ಯದ ಬಟ್ಟಲು ಓಡಾಡುವುದು ನಿಂತಿತು. ವಿಮಲಮ್ಮ ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿ ಬಿರಬಿರನೆ ಹೋಗುವರು. ಒಂದು ದಿನ ಅಕ್ಕ ಅಭ್ಯಾಸಬಲದಿಂದ ಹುಳಿಯ ಬಟ್ಟಲು ಹಿಡಿದು ಗೋಡೆಯ ತನಕ ಹೋದಳು. ಒಂದು ಗಳಿಗೆ ನಿಂತು, ಹಾಗೇ ಹಿಂತಿರುಗಿ ಬಂದು, ಬಟ್ಟಲನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಅದನ್ನು ತಿನ್ನಲು ನನ್ನಿಂದಾಗಲಿಲ್ಲ. ಅಕ್ಕನ ಕೈ ಹಿಡಿದು ವಿಮಲಮ್ಮನ ಮನೆಗೆ ಎಳೆದುಕೊಂಡು ಹೋಗಿ, ಹೊಸ್ತಿಲಲ್ಲೇ ಎಲ್ಲ ಹೇಳಿಬಿಟ್ಟೆ.

"ನೀನಾ?" ಎಂದರು ವಿಮಲಮ್ಮ. "ನನ್ನ ಕೈಯಲ್ಲೇ ಸೊಟ್ಟಗಾಯ್ತು ಅಂದ್ಕೊಂಡು, ನಿಮ್ಮಕ್ಕನ ಮುಖ ನೋಡಕ್ಕೇ ಆಗ್ತಿರ್ಲಿಲ್ವಲ್ಲೋ."

"ಒಂದ್ಮಾತು ಹೇಳಬಾರದಿತ್ತೇನೇ?" ಎಂದಳು ಅಕ್ಕ.

"ನೀನು ಕೇಳಬಾರದಿತ್ತಾ?"

ಇಬ್ಬರ ಕಣ್ಣೂ ತುಂಬಿತು. ಮಾನವಂತನಾದರೆ ಅಲ್ಲಿಂದ ಸದ್ದಿಲ್ಲದೆ ಹೊರಡಬೇಕು. ನಾನು, "ಮೂರನೇ ಬುಶ್‌ವರೆಗೂ ಒರಳು ಏನೂ ಅನ್ಲಿಲ್ಲ ವಿಮಲಮ್ಮ, ಪೈಪು ಸ್ವಲ್ಪ ಗಿಡ್ಡ ಇದ್ದಿದ್ರೆ..." ಎಂದು ಗಾಳಿಯಲ್ಲೇ ಹಿಡಿ ತಿರುಗಿಸಿ ತೋರಿಸತೊಡಗಿದೆ.

"ನೋಡೇ ಇವನ ಮುಖ" ಎಂದಳು ಅಕ್ಕ. "ತಪ್ಪೊಪ್ಕೊಳ್ಳಕ್ಕೆ ಬಂದಿದಾನೋ, ಬಹುಮಾನ ತಗೊಳ್ಳಕ್ಕೋ?"

ಇಬ್ಬರೂ ನಗುತ್ತಾ ಒಳಗೆ ಹೋದರು. ಎರಡೇ ಲೋಟ ಕಾಫಿ ಬೆರೆಸಿದ ಸದ್ದು ಕೇಳಿಸಿತು. ನಾನು ಹೊಸ್ತಿಲಲ್ಲೇ ನಿಂತಿದ್ದೆ, ನಾಲ್ಕನೆಯದು ಹೇಗೆ ಕೂತಿತೆಂದು ಇಬ್ಬರಲ್ಲಿ ಒಬ್ಬರಾದರೂ ಕೇಳಿಯಾರೆಂದು.