ತಿಪ್ಪೇರುದ್ರಸ್ವಾಮಿ, ನಾಲ್ಕನೇ ತರಗತಿ

ತಿಪ್ಪೇರುದ್ರಸ್ವಾಮಿ ಮೇಷ್ಟ್ರು ಒತ್ತಬಾರದ ಗುಂಡಿ ಒತ್ತಿದ್ದು ಮಂಗಳವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿದು ಮಕ್ಕಳು ಲೋಟ ಹಿಡಿದು ಹಾಲಿಗೆ ಸಾಲುಗಟ್ಟಿದ್ದ ಹೊತ್ತಿನಲ್ಲಿ.

ಜಗಳೂರು ಕಡೆಯ ತುಂಬೆಹಟ್ಟಿ ಶಾಲೆಗೆ ಆರು ಟ್ಯಾಬುಗಳು ಬಂದು ಹದಿನೈದು ದಿನವಾಗಿತ್ತು. ಯಾವುದೋ ಸಂಸ್ಥೆಯವರು ಕೊಟ್ಟದ್ದು. ಅದರೊಳಗೊಂದು ಹೆಣ್ಣು ದನಿ. ಮಗು ಗಟ್ಟಿಯಾಗಿ ಓದಿದರೆ ಆ ದನಿ ಕೇಳಿಸಿಕೊಂಡು ತಪ್ಪು ತಿದ್ದುತ್ತಿತ್ತು, ಚೆನ್ನಾಗಿ ಓದಿದರೆ ನಕ್ಷತ್ರ ಕೊಡುತ್ತಿತ್ತು. ಅಷ್ಟೇ ಅಲ್ಲ, ಹಳ್ಳಿಯ ತಂದೆತಾಯಿಗೆ ಮೆಸೇಜು ಓದಲು ಬಾರದಿದ್ದರೆ ಕಷ್ಟವೆಂದು, ಮಗುವಿನ ಓದು ಹೇಗಿದೆಯೆಂದು ಅವರ ಫೋನಿಗೇ ಕರೆ ಮಾಡಿ ಹೇಳುತ್ತಿತ್ತು. ಇದರ ಉಸ್ತುವಾರಿಯೆಲ್ಲ ಚಿಕ್ಕ ವಯಸ್ಸಿನ ಪ್ರವೀಣ್ ಕುಮಾರ್ ಮೇಷ್ಟ್ರದು. ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ್ದ ತಿಪ್ಪೇರುದ್ರಸ್ವಾಮಿಯವರು ಮಾತ್ರ ಟ್ಯಾಬನ್ನು ಹೊಸ ಸೊಸೆಯನ್ನು ಅತ್ತೆ ನೋಡಿದ ಹಾಗೆ ದೂರದಿಂದಲೇ ನೋಡುತ್ತಿದ್ದರು.

ಅವರ ಹೊಟ್ಟೆ ಉರಿಸಿದ್ದು ನಾಲ್ಕನೇ ತರಗತಿಯ ಪುಷ್ಪಾ. ಜೂನಿನಿಂದ ಈವರೆಗೆ ಅವರ ಎದುರು ಒಂದು ಸಾಲೂ ಗಟ್ಟಿಯಾಗಿ ಓದದ ಹುಡುಗಿ. ಎಬ್ಬಿಸಿ ನಿಲ್ಲಿಸಿದರೆ ಪುಸ್ತಕದೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅಂಥವಳು ಸೋಮವಾರ ಬೇವಿನ ಮರದ ಕೆಳಗೆ ಟ್ಯಾಬು ತೊಡೆಯ ಮೇಲಿಟ್ಟುಕೊಂಡು ಗಿಣಿಯ ಹಾಗೆ ಓದುತ್ತಿದ್ದುದನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರು. ‘ನನ್ನ ಮುಂದೆ ಬಾಯಿ ಬಿಡದೋಳು ಈ ಹಲಗೆ ಮುಂದೆ ಓದ್ತಾಳಲ್ಲ, ಇದರಾಗೆ ಅಂಥಾದ್ದು ಏನೈತೆ?’ ಎಂಬ ಚಿಂತೆಗೆ ರಾತ್ರಿ ಮುದ್ದೆಯೂ ರುಚಿಸಿರಲಿಲ್ಲ.

ಪ್ರವೀಣ್ ಕುಮಾರ್ ಅಂದು ಮಧ್ಯಾಹ್ನ ಬರುವವರಿದ್ದರು. ಇದೇ ಸಮಯವೆಂದು ಮೇಷ್ಟ್ರು ಒಂದು ಟ್ಯಾಬು ತೆಗೆದು ಕಣ್ಣಿಗೆ ಕಂಡ ಹಸಿರು ಗುಂಡಿ ಒತ್ತಿದರು. ಅದು ಹೆಸರು ಕೇಳಿತು, ಕೊಟ್ಟರು. ತರಗತಿ ಕೇಳಿತು. ತಾವು ಪಾಠ ಮಾಡುವುದು ನಾಲ್ಕಕ್ಕೆ, ನಾಲ್ಕು ಎಂದರು. ಮೊಬೈಲ್ ನಂಬರು ಕೇಳಿತು. ತಮ್ಮದನ್ನು ಹಾಕಿದರೆ ‘ಈ ಸಂಖ್ಯೆ ಈಗಾಗಲೇ ಬಳಕೆಯಲ್ಲಿದೆ’ ಎಂದಿತು. ಹೆಂಡತಿಯ ನಂಬರು ಫೋನಿನೊಳಗಿತ್ತೇ ಹೊರತು ತಲೆಯೊಳಗಿರಲಿಲ್ಲ. ಬಾಯಿಪಾಠವಿದ್ದ ಇನ್ನೊಂದೇ ನಂಬರು ಅವ್ವನದು. ಅದನ್ನೇ ಕೊಟ್ಟರು.

“ಬಾ ಪುಟ್ಟಾ, ಓದೋಣ” ಎಂದಿತು ದನಿ.

ಪರದೆಯ ಮೇಲೆ ಕೆರೆಯ ಬಗ್ಗೆ ಎಂಟು ಸಾಲು ಮೂಡಿತು. ಮೇಷ್ಟ್ರು ನಕ್ಕು ಗಂಟಲು ಸರಿಮಾಡಿಕೊಂಡರು. ಅವರ ಓದು ದಾವಣಗೆರೆಗೆ ಹೊರಟ ತಡೆರಹಿತ ಬಸ್ಸಿನಂಥದು, ನಡುವೆ ಎಲ್ಲೂ ನಿಲುಗಡೆಯಿಲ್ಲ. ಎಂಟು ಸಾಲನ್ನು ಒಂದೇ ಉಸಿರಿಗೆ ದಾಟಿದರು. ‘ಕೆರೆ ಇದೆ’ ಎಂದಿದ್ದ ಕಡೆ ನಾಲಿಗೆ ತಾನಾಗಿಯೇ ‘ಕೆರೆ ಐತೆ’ ಎಂದದ್ದು ಅವರಿಗೆ ಗೊತ್ತಾಗಲಿಲ್ಲ.

“ಪ್ರಯತ್ನಪಟ್ಟೆ ಪುಟ್ಟಾ, ಅದೇ ಮುಖ್ಯ. ಹತ್ತೊಂಬತ್ತು ಪದ ನನಗೆ ಕೇಳಿಸಲಿಲ್ಲ. ನೀನೀಗ ಒಂದನೇ ತರಗತಿಯ ಮಟ್ಟದಲ್ಲಿದ್ದೀಯ.”

“ಏನಂದಿ?” ಎಂದರು ಮೇಷ್ಟ್ರು.

ಅದೇ ಹೊತ್ತಿಗೆ ನಾಲ್ಕು ಬೀದಿ ಆಚೆ ಅವರ ಅವ್ವ ಅಜ್ಜಮ್ಮನ ಫೋನು ಹೊಡೆದುಕೊಂಡಿತು. ಎಪ್ಪತ್ತೈದರ ಅಜ್ಜಮ್ಮ ಪಕ್ಕದ ಮನೆಯ ಶಂಕರಮ್ಮನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಕಿವಿ ಮಂದವಾದ್ದರಿಂದ ಅವಳ ಫೋನು ಯಾವಾಗಲೂ ಸ್ಪೀಕರಿನಲ್ಲೇ.

“ನಮಸ್ಕಾರ. ನಿಮ್ಮ ಮಗು ತಿಪ್ಪೇರುದ್ರಸ್ವಾಮಿ ನಾಲ್ಕನೇ ತರಗತಿಯಲ್ಲಿದ್ದರೂ ಒಂದನೇ ತರಗತಿಯ ಮಟ್ಟದಲ್ಲಿ ಓದುತ್ತಿದ್ದಾನೆ. ದಯವಿಟ್ಟು ಮಗುವನ್ನು ಬೈಯಬೇಡಿ, ಹೊಡೆಯಬೇಡಿ.”

“ಹೊಡಿಯಾಕೆ ನನ್ನ ಕೈಯಾಗೆ ಶಕ್ತಿ ಎಲ್ಲೈತವ್ವಾ” ಎಂದಳು ಅಜ್ಜಮ್ಮ ಫೋನಿಗೆ. ಶಂಕರಮ್ಮ ಸುಲಿಯುತ್ತಿದ್ದ ಶೇಂಗಾ ಬಿಟ್ಟು ಬಾಯಿಯ ಮೇಲೆ ಕೈಯಿಟ್ಟಳು. ಆ ಬಾಯಿ ಹೆಚ್ಚು ಹೊತ್ತು ಮುಚ್ಚಿರುವಂಥದಲ್ಲ.

ಇತ್ತ ಮೇಷ್ಟ್ರಿಗೆ ಛಲ ಬಂದಿತ್ತು. ಇನ್ನೊಮ್ಮೆ ಓದಿದರು, ಈ ಸಲ ಇನ್ನೂ ಜೋರಾಗಿ, ಇನ್ನೂ ವೇಗವಾಗಿ. ಮತ್ತೆ ಒಂದನೇ ತರಗತಿ. ಮೂರನೆಯ ಸಲ ಓದುವಾಗ ಕಿಟಕಿಯ ಹೊರಗೆ ಕೋಳಿ ಕೂಗಿತು. “ಈ ಪದ ಚೆನ್ನಾಗಿ ಹೇಳಿದೆ ಪುಟ್ಟಾ” ಎಂದಿತು ದನಿ. ಮೂರು ಸಲಕ್ಕೂ ಅಜ್ಜಮ್ಮನಿಗೆ ಕರೆ ಹೋಗಿತ್ತು. ಕೊನೆಯದರಲ್ಲಿ ‘ಮಗುವಿಗೆ ಪೌಷ್ಟಿಕ ಆಹಾರ ಕೊಡಿ, ಶಾಲೆಗೆ ಬಂದು ಶಿಕ್ಷಕರನ್ನು ಕಾಣಿ’ ಎಂಬ ಸಲಹೆಯೂ ಇತ್ತು.

ಮಧ್ಯಾಹ್ನ ಬಂದ ಪ್ರವೀಣ್ ಕುಮಾರ್ ಟ್ಯಾಬು ನೋಡಿ ತುಟಿ ಕಚ್ಚಿಕೊಂಡರು.

“ಸಾರ್, ನೀವು ಒತ್ತಿದ್ದು ‘ಹೊಸ ವಿದ್ಯಾರ್ಥಿ’.”

“ಹಂಗಾದ್ರೆ ತೆಗೀರಿ ಮತ್ತೆ.”

“ನಮ್ಮ ಕೈಯಾಗೆ ಇಲ್ಲ ಸಾರ್. ಸಂಸ್ಥೆಯವರಿಗೆ ಮೇಲ್ ಹಾಕಬೇಕು, ಏಳು ದಿನ ಹಿಡಿತೈತೆ.”

“ಅಲ್ಲೀತನಕ?”

“ಅಲ್ಲೀತನಕ ನೀವು ನಾಲ್ಕನೇ ಕ್ಲಾಸು.”

ಮುಖ್ಯೋಪಾಧ್ಯಾಯಿನಿ ನಿರ್ಮಲಮ್ಮ ಹಣೆ ಒತ್ತಿಕೊಂಡರು. “ಸ್ವಾಮಿ ಮೇಷ್ಟ್ರೇ, ನಾಲ್ಕು ಗಂಟೆಗೆ ಇವತ್ತಿನ ಪಟ್ಟಿ ತಾನಾಗೇ ತಾಲ್ಲೂಕಿನ ಎಲ್ಲಾ ಶಾಲೆಗೂ ಹೋಗ್ತೈತೆ. ಹಿಂದುಳಿದ ಮಕ್ಕಳ ಹೆಸರು ಕೆಂಪಕ್ಷರದಾಗೆ ಇರ್ತೈತ್ರೀ.”

ತಾಲ್ಲೂಕಿನ ಅರ್ಧ ಮೇಷ್ಟ್ರುಗಳು ತಿಪ್ಪೇರುದ್ರಸ್ವಾಮಿಯವರಿಗೆ ಪರಿಚಯ. ಅವರೆಲ್ಲ ಕೆಂಪಕ್ಷರ ಓದಿ ನಗುವುದು ಈಗಲೇ ಕಿವಿಗೆ ಬಿದ್ದಂತಾಯಿತು. “ಅದಕ್ಕೆ ಮುಂಚೆ ನಾನು ಪಾಸಾದ್ರೆ?”

“ಹಸಿರಾಗ್ತೀರಿ” ಎಂದರು ಪ್ರವೀಣ್ ಕುಮಾರ್.

ಅಷ್ಟರಲ್ಲಿ ಗೇಟಿನ ಮುಂದೆ ಬೈಕು ನಿಂತಿತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಮಲ್ಲೇಶಪ್ಪ ಇಳಿದ. ಅವನ ಹಿಂದಿನಿಂದ, ಸೆರಗಿನೊಳಗೆ ಏನನ್ನೋ ಜೋಪಾನವಾಗಿ ಹಿಡಿದುಕೊಂಡು ಅಜ್ಜಮ್ಮ ಇಳಿದಳು.

“ಏನ್ ಮೇಡಮ್ಮೋರೇ,” ಎಂದ ಮಲ್ಲೇಶಪ್ಪ, “ಮೇಷ್ಟ್ರೇ ಫೇಲಾದ್ರೆ ನಮ್ಮ ಹುಡುಗ್ರ ಗತಿ ಏನ್ರೀ? ಊರೆಲ್ಲಾ ಇದೇ ಮಾತು.”

ಅಜ್ಜಮ್ಮ ಅವನನ್ನು ಪಕ್ಕಕ್ಕೆ ಸರಿಸಿ ನಿರ್ಮಲಮ್ಮನ ಮುಂದೆ ಕೈಮುಗಿದಳು. “ತಾಯೀ, ಇವನ್ನ ಶಾಲಿಗೆ ಸೇರಿಸಿದ್ದು, ಫೀಸು ಕಟ್ಟಿದ್ದು ಎಲ್ಲಾ ಇವರಪ್ಪ. ನನ್ನ ಯಾರೂ ಒಂದಿನಾನೂ ಶಾಲಿಗೆ ಕರೀಲಿಲ್ಲ. ಇವತ್ತು ಕರೆದ್ರಿ, ಬಂದೀನಿ. ಹುಡುಗ ದಡ್ಡ ಅಲ್ಲ ತಾಯೀ. ಅವಸರ ಜಾಸ್ತಿ. ಅನ್ನಾನೂ ಅಗೀದೇ ನುಂಗ್ತಾನೆ. ಸ್ವಲ್ಪ ಸಮಾಧಾನದಾಗೆ ಹೇಳಿಕೊಡ್ರಿ.” ಸೆರಗು ಬಿಚ್ಚಿ ಬೇಯಿಸಿದ ಎರಡು ಮೊಟ್ಟೆ ತೆಗೆದು ಮಗನ ಕೈಗಿಟ್ಟಳು. “ತಿನ್ನಪ್ಪ, ಫೋನಿನಾಗೆ ಹೇಳ್ಯಾರೆ.”

ಕಿಟಕಿಯಲ್ಲಿ ನೇತಾಡುತ್ತಿದ್ದ ನಾಲ್ಕನೇ ತರಗತಿಯವರ ಎದುರು ಮೇಷ್ಟ್ರು ಮೊಟ್ಟೆ ತಿಂದರು. ಅವ್ವನಿಗೆ ಇಲ್ಲವೆನ್ನುವುದು ಅವರಿಗೆ ಐವತ್ತೆರಡು ವರ್ಷದಲ್ಲಿ ಬಂದಿರಲಿಲ್ಲ.

ಆಮೇಲೆ ಟ್ಯಾಬು ಕಂಕುಳಲ್ಲಿಟ್ಟುಕೊಂಡು ಬೇವಿನ ಮರದ ಕೆಳಗೆ ಹೋಗಿ ಕೂತರು. ನಾಲ್ಕನೆಯ ಸಲವೂ ತಪ್ಪಿತು, ಐದನೆಯ ಸಲವೂ. ತಲೆಯೆತ್ತಿದರೆ ಪುಷ್ಪಾ ನಿಂತಿದ್ದಳು.

“ಸಾರ್,” ಎಂದಳು ಮೆಲ್ಲಗೆ, “ನೀವು ಸಾಲಿನ ಕೊನೆ ಚುಕ್ಕಿ ಬಂದ್ರೂ ನಿಲ್ಲೋದೇ ಇಲ್ಲ.”

“ಏನು?”

“ಚುಕ್ಕಿ ಬಂದಾಗ ನಿಲ್ಲಬೇಕು ಸಾರ್. ನಿಂತ್ರೆ ಟ್ಯಾಬಿನಾಗಿನ ಆಯಕ್ಕ ಕಾಯ್ತಾಳೆ. ಎಷ್ಟೊತ್ತು ನಿಂತ್ರೂ ಕಾಯ್ತಾಳೆ.” ಸ್ವಲ್ಪ ತಡೆದು, ನೆಲ ನೋಡುತ್ತ ಹೇಳಿದಳು. “ನೀವು ಕಾಯೋದೇ ಇಲ್ಲ. ‘ಹೂಂ, ಮುಂದೆ, ಮುಂದೆ’ ಅಂತೀರಿ. ಆವಾಗ ನಂಗೆ ಅಕ್ಷರ ಎಲ್ಲಾ ಕಲಸಿಹೋಗ್ತಾವೆ.”

ಮೇಷ್ಟ್ರು ಟ್ಯಾಬನ್ನು ತೊಡೆಯ ಮೇಲಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮಕ್ಕಳಿಗೆ ‘ಮುಂದೆ, ಮುಂದೆ’ ಎಂದಿರಬಹುದು? ಮುಂದೆ ಹೋಗಲಾರದೆ ನಿಂತೇ ಬಿಟ್ಟವರ ಕೆಲವು ಮುಖಗಳು ನೆನಪಾದವು. ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕೂತರು.

“ಬಾ. ಹೆಂಗೆ ಓದಬೇಕು ಹೇಳಿಕೊಡು.”

ಪುಷ್ಪಾ ಪರದೆಯ ಮೇಲೆ ಬೆರಳಿಟ್ಟಳು. ಬೆರಳು ಸರಿದಷ್ಟೇ ಅವರು ಓದಬೇಕು, ನಿಂತಲ್ಲಿ ನಿಲ್ಲಬೇಕು. ‘ಐತೆ’ ಎಂದರೆ “ಇದೆ ಸಾರ್, ಇದೆ” ಎಂದು ತಿದ್ದುತ್ತಿದ್ದಳು. ಎಂಟನೆಯ ಸಲಕ್ಕೆ ಕೆರೆಯ ನೀರು, ದಂಡೆಯ ಆಲದ ಮರ, ಮರದ ಮೇಲಿನ ಹಕ್ಕಿ ಎಲ್ಲವೂ ಒಂದೊಂದಾಗಿ, ನಿಧಾನವಾಗಿ ಹೊರಬಂದವು. ಮೂರು ಗಂಟೆ ಐವತ್ತು ನಿಮಿಷಕ್ಕೆ ಟ್ಯಾಬು ಓಲಗ ಊದಿ ಐದು ನಕ್ಷತ್ರ ಚೆಲ್ಲಿತು. “ಶಭಾಷ್ ಪುಟ್ಟಾ! ನೀನೀಗ ನಾಲ್ಕನೇ ತರಗತಿಯ ಮಟ್ಟ ತಲುಪಿದ್ದೀಯ.”

ಮಕ್ಕಳೆಲ್ಲ ಓ ಎಂದು ಕೂಗಿದರು. ಮಲ್ಲೇಶಪ್ಪ ಚಪ್ಪಾಳೆ ತಟ್ಟಿದ. ಅಜ್ಜಮ್ಮ ಮಗನ ಕೆನ್ನೆ ಸವರಿ ನೆಟಿಕೆ ತೆಗೆದಳು.

ಗಂಟೆ ಹೊಡೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಮೇಷ್ಟ್ರು ತರಗತಿಗೆ ಹೋಗಿ, “ಪುಷ್ಪಾ, ಯಾವುದಾದ್ರೂ ಒಂದು ಪುಟ ಓದವ್ವ” ಎಂದರು. ಅವಳು ಎದ್ದಳು. ಮೊದಲ ಸಾಲಿಗೇ ತಡೆದು ನಿಂತಳು. ಮೇಷ್ಟ್ರ ನಾಲಿಗೆಯ ತುದಿಗೆ ‘ಮುಂದೆ’ ಬಂದಿತ್ತು, ನುಂಗಿಕೊಂಡರು. ಬೇಕಾದಷ್ಟು ಹೊತ್ತಾಯಿತು. ಯಾರೂ ನಗಲಿಲ್ಲ. ಆಮೇಲೆ ಪುಷ್ಪಾ ಓದಿದಳು, ಇಡೀ ಪುಟ.

ಸಂಜೆ ಮೇಷ್ಟ್ರು ಹಗುರಾಗಿ ಮನೆಗೆ ಬಂದರು. ಕಟ್ಟೆಯ ಮೇಲೆ ಅರ್ಧ ಬೀದಿ ಸೇರಿತ್ತು. ನಡುವೆ ಅಜ್ಜಮ್ಮ ಮದುವೆ ಮನೆಯ ಯಜಮಾನತಿಯ ಹಾಗೆ ಕೂತಿದ್ದಳು.

“ಆ ಸಂಸ್ಥೆಯೋರು ಫೋನ್ ಮಾಡಿದ್ರು ಕಣೋ. ಮಿಷಿನ್ ಅಲ್ಲ, ಮನುಷ್ಯರೇ. ಒಂದೇ ದಿನದಾಗೆ ಒಂದನೇ ಕ್ಲಾಸಿಂದ ನಾಲ್ಕಕ್ಕೆ ಬಂದ ಹುಡುಗ ತಾಲ್ಲೂಕಿನಾಗೆ ನೀನೊಬ್ಬನೇ ಅಂತೆ. ಶನಿವಾರ ಜಗಳೂರಾಗೆ ಬಹುಮಾನ. ಸ್ಟೇಜ್ ಮ್ಯಾಲೆ ನೀನು ಅದೇ ಪಾಠ ಓದಿ ತೋರಿಸಬೇಕಂತೆ. ತಾಯೀನೂ ಬರಬೇಕಂತೆ.”

ಮೇಷ್ಟ್ರು ಬಿಚ್ಚುತ್ತಿದ್ದ ಚಪ್ಪಲಿ ಬಿಟ್ಟು ಕಟ್ಟೆಯ ಬಳಿಗೆ ಬಂದರು. “ಅವ್ವಾ, ನಾನು ಮೇಷ್ಟ್ರು ಅಂತ ಹೇಳಲಿಲ್ಲೇನು?”

“ಅವರು ಕೇಳಲಿಲ್ಲ. ‘ಹುಡುಗಗೆ ಹೇಳಿಕೊಟ್ಟ ಟೀಚರ್ ಯಾರಮ್ಮ’ ಅಂದ್ರು. ಸುಳ್ಳು ಯಾಕೆ ಹೇಳಲಿ? ಪುಷ್ಪಾ ಅಂದೆ. ಪುಷ್ಪಾ ಮೇಡಮ್ಮಿಗೆ ಉತ್ತಮ ಶಿಕ್ಷಕಿ ಅಂತ ಶಾಲು ಹೊದಿಸ್ತಾರಂತೆ.”

“ಫೋನ್ ಕೊಡವ್ವ ಇಲ್ಲಿ. ಈಗಲೇ ನಿಜ ಹೇಳಿಬಿಡ್ತೀನಿ.”

ಅಜ್ಜಮ್ಮ ಫೋನನ್ನು ಎದೆಗೆ ಅವುಚಿಕೊಂಡಳು. “ನಿಂಗೆ ಶಾಲಿಯಾಗೆ ಒಂದು ಬಹುಮಾನಾನೂ ಬರಲಿಲ್ಲ ತಿಪ್ಪೇಶಿ. ಊರಾಗೆ ಎಲ್ಲರ ಮಕ್ಕಳಿಗೂ ಬಂತು. ನಾನೂ ಒಂದ್ಸಲ ಮುಂದಿನ ಸಾಲಾಗೆ ಕೂತು ನೋಡ್ತೀನಿ ಬಿಡೋ.”

ಮೇಷ್ಟ್ರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಅವ್ವನ ಪಕ್ಕದಲ್ಲಿ ಕೂತರು. ಸೋತ ದನಿಯಲ್ಲಿ ಕೇಳಿದರು.

“ಏನಂತೆ ಬಹುಮಾನ?”

“ಒಂದು ಬ್ಯಾಗು, ಒಂದು ಜೊತೆ ಯೂನಿಫಾರಂ. ಅದನ್ನ ಹಾಕ್ಕೊಂಡೇ ಸ್ಟೇಜ್ ಹತ್ತಬೇಕಂತೆ. ಅಳತೆ ಕೇಳಿದ್ರು, ಸೊಂಟ ನಲವತ್ತು ಅಂದೆ. ಪಾಪ, ಎರಡೆರಡು ಸಲ ಕೇಳಿದ್ರು,” ಎಂದಳು ಅಜ್ಜಮ್ಮ. “ನೀನೇನೂ ಚಿಂತೆ ಮಾಡಬ್ಯಾಡ. ನಮ್ಮ ಹುಡುಗಗೆ ನಾಚಿಕೆ ಜಾಸ್ತಿ, ಚಡ್ಡಿ ಬ್ಯಾಡ, ಪ್ಯಾಂಟೇ ಹೊಲಿಸ್ರಿ ಅಂತ ಹೇಳೀನಿ.”