ವಜನ್ ಇಲ್ಲದವನ ಪತಂಗ

ಮನುಷ್ಯನಿಗೆ ಎರಡು ಬಗೆಯ ತೂಕವಿರುತ್ತದೆ. ಒಂದನ್ನು ರೈಲ್ವೆ ಸ್ಟೇಷನ್ನಿನ ಯಂತ್ರದ ಮೇಲೆ ನಿಂತು ನೋಡಿಕೊಳ್ಳಬಹುದು. ಇನ್ನೊಂದು ಯಾವ ಯಂತ್ರಕ್ಕೂ ಸಿಗುವುದಿಲ್ಲ, ನಾಲ್ಕು ಜನರ ನಡುವೆ ಬಾಯಿ ತೆರೆದಾಗಷ್ಟೇ ಗೊತ್ತಾಗುತ್ತದೆ. ನಮ್ಮ ಯಾದಗಿರಿಯಲ್ಲಿ ಎರಡಕ್ಕೂ ಒಂದೇ ಶಬ್ದ: ವಜನ್. ಸಂತೆಯ ಮೆಣಸಿನಕಾಯಿಗೂ ವಜನ್, ಹಿರಿಯರ ಮಾತಿಗೂ ವಜನ್. ದೇವರು ಕೆಲವರಿಗೆ ಒಂದನ್ನು ಕಡಿಮೆ ಕೊಟ್ಟು ಇನ್ನೊಂದನ್ನು ಹೆಚ್ಚು ಕೊಡುತ್ತಾನೆ. ನನಗೆ ಎರಡನ್ನೂ ಕೊಡುವುದು ಮರೆತ. ನನ್ನ ಅಂಗಿ ನನ್ನ ಮೈಮೇಲಿದ್ದಾಗಿನದಕ್ಕಿಂತ ಹ್ಯಾಂಗರಿನ ಮೇಲಿದ್ದಾಗ ತುಂಬಿಕೊಂಡು ಕಾಣುತ್ತದೆ. ಕಚೇರಿಯಲ್ಲಿ ‘ಆ ಕಿಟಕಿ ಸ್ವಲ್ಪ ಮುಚ್ಚಿ’ ಎಂದರೆ ಯಾರೂ ತಲೆ ಎತ್ತುವುದಿಲ್ಲ. ಹಾರಿಹೋದ ಕಾಗದಗಳನ್ನು ನಾನೇ ಮೇಜಿನ ಕೆಳಗೆ ತೂರಿ ಆರಿಸಿಕೊಳ್ಳುತ್ತೇನೆ. ಮನೆಯಲ್ಲಂತೂ ನಾನು ಬದನೆಕಾಯಿ ಬೇಡ ಎಂದ ದಿನವೇ ಬದನೆಕಾಯಿ ಪಲ್ಯ.

ನನ್ನ ಹೆಂಡತಿ ಮಹಾದೇವಿಗೆ ಮಾತ್ರ ಎರಡೂ ಧಾರಾಳ. ಬಳಿಚಕ್ರ ಎಂಬ ಹಳ್ಳಿಯ ಒಕ್ಕಲು ಮನೆತನದ ಮಗಳು. ಅವಳು ಬಾಗಿಲಿಗೆ ಬಂದು ಬರೀ ‘ಹೂಂ’ ಎಂದರೆ ಸಾಕು, ಹಾಲಿನವನು ಹಾಕಿದ ಹಾಲಿನ ಮೇಲೆ ಮತ್ತಷ್ಟು ಸುರಿದು ಹೋಗುತ್ತಾನೆ. ಸೀರೆ ಅಂಗಡಿಯಲ್ಲಿ ಒಂದು ದರಕ್ಕೆ ಕಾಲೂರಿ ನಿಂತಳೆಂದರೆ ಮುಗಿಯಿತು. ಅಂಗಡಿಯವನೇ ಚಹಾ ತರಿಸಿ ಶರಣಾಗುತ್ತಾನೆ. ಅಂಥವಳ ಪಕ್ಕದಲ್ಲಿ ನಾನು ಚೀಲ ಹಿಡಿದು ನಿಂತಿರುತ್ತೇನೆ. ಜನ ನನ್ನನ್ನು ಅಂಗಡಿಯ ಆಳೆಂದು ತಿಳಿದು ‘ಹಳದಿ ಬಣ್ಣದ್ದು ತೋರಸಪಾ’ ಎಂದದ್ದೂ ಉಂಟು.

ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಸಮುದ್ರದ ದಂಡೆಯಲ್ಲಿ ಒಬ್ಬ ನಿಂತಿದ್ದಾನೆ, ಎರಡು ಕೈಯಲ್ಲಿ ಎರಡು ಹಿಡಿಕೆ, ಮೇಲೆ ಕೋಣೆಯಷ್ಟು ಅಗಲದ ಗಾಳಿಪಟ, ನಮ್ಮ ಕಡೆಯ ಮಾತಿನಲ್ಲಿ ಪತಂಗ. ಎಡಗೈ ಎಳೆದರೆ ಎಡಕ್ಕೆ, ಬಲಗೈ ಎಳೆದರೆ ಬಲಕ್ಕೆ. ಅದಕ್ಕೆ ಪವರ್ ಕೈಟ್ ಎನ್ನುತ್ತಾರಂತೆ. ನನ್ನ ಕಣ್ಣಿಗೆ ಪತಂಗ ಕಾಣಲಿಲ್ಲ, ಅದರ ವಿಧೇಯತೆ ಕಂಡಿತು. ಈ ಲೋಕದಲ್ಲಿ ನಾನು ಎಡಕ್ಕೆ ಎಂದರೆ ಎಡಕ್ಕೆ ಹೋಗುವ ವಸ್ತು ಒಂದಾದರೂ ಇರಬಾರದೇ ಎನ್ನಿಸಿತು. ನೌಕರಿ ಅರ್ಧಕ್ಕಿಂತ ಹೆಚ್ಚು ಕಳೆದಿದೆ, ತಲೆಯ ಮೇಲಿನ ಕೂದಲು ಕೂಡ ನನ್ನ ಮಾತು ಕೇಳುತ್ತಿಲ್ಲ. ಇನ್ನು ತಡಮಾಡಬಾರದೆಂದು ನಿರ್ಧರಿಸಿದೆ.

ಆದರೆ ಆರಿಸುವುದೇ ದೊಡ್ಡ ಫಜೀತಿ. ನಾವು ಸಣ್ಣವರಿದ್ದಾಗ ಪತಂಗವೆಂದರೆ ಕಾಗದ, ಎರಡು ಕಡ್ಡಿ, ಬಾಲಂಗೋಚಿಗೆ ಅವ್ವನ ಹಳೆಯ ಸೀರೆಯ ಅಂಚು. ಕೆಂಪೋ ಹಸಿರೋ ಎನ್ನುವುದಷ್ಟೇ ಪ್ರಶ್ನೆ. ಇಲ್ಲಿ ಎರಡು ದಾರದ್ದು, ನಾಲ್ಕು ದಾರದ್ದು, ನೆಲದ್ದು, ನೀರಿನದ್ದು. ಕಡ್ಡಿಯೇ ಇಲ್ಲ, ಬರೀ ಬಟ್ಟೆ. ಗಾಳಿ ಹೊಕ್ಕಾಗ ತಲೆದಿಂಬಿನಂತೆ ಉಬ್ಬುತ್ತದೆ. ಅಳತೆ ಚದರ ಮೀಟರಿನಲ್ಲಿ. ಕೊನೆಗೆ ಹೈದರಾಬಾದಿನ ಒಂದು ಅಂಗಡಿಗೆ ಫೋನು ಮಾಡಿದೆ. ಆ ಪುಣ್ಯಾತ್ಮ ಸಮಾಧಾನದಿಂದ ಎಲ್ಲ ವಿವರಿಸಿದ. ಹೊಸಬರು ಎರಡು ದಾರದ್ದನ್ನೇ ತೆಗೆದುಕೊಳ್ಳಬೇಕು, ಇದಕ್ಕೆ ಬಾಲಂಗೋಚಿ ಇರುವುದಿಲ್ಲ, ಮೈ ಹಗುರವಿದ್ದವರು ಸಣ್ಣದನ್ನು ಆರಿಸಬೇಕು, ಇಲ್ಲವಾದರೆ ನೀವು ಪತಂಗವನ್ನು ಹಾರಿಸುವುದಿಲ್ಲ, ಪತಂಗವೇ ನಿಮ್ಮನ್ನು ಹಾರಿಸುತ್ತದೆ ಎಂದ. ಆಮೇಲೆ ನೇರವಾಗಿ ಕೇಳಿಬಿಟ್ಟ: ‘ಆಪ್‌ಕಾ ವಜನ್ ಕಿತ್ನಾ ಹೈ?’

ಇಡೀ ಜೀವಮಾನ ಯಾವ ಪ್ರಶ್ನೆಯಿಂದ ತಪ್ಪಿಸಿಕೊಂಡು ತಿರುಗಿದ್ದೆನೋ ಅದೇ ಪ್ರಶ್ನೆ. ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾನೆಂದು ಬುದ್ಧಿಗೆ ತಿಳಿದಿತ್ತು, ಮನಸ್ಸಿಗೆ ತಿಳಿಯಲಿಲ್ಲ. ನನ್ನ ಅಂಕಿ ಹೇಳಿದರೆ ಆ ಕಡೆ ಅವನು ನಕ್ಕಾನೆಂದು, ಬಾಯಿಗೆ ಬಂದ ಇನ್ನೊಂದು ಅಂಕಿ ಹೇಳಿಬಿಟ್ಟೆ. ಅದು ಹಿಂದಿನ ವಾರ ದವಾಖಾನೆಯಲ್ಲಿ ನನ್ನ ಕಣ್ಣೆದುರೇ ಅಳೆದ ಮಹಾದೇವಿಯ ವಜನ್. ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಅವಳೂ ಓದುತ್ತಾಳೆ. ಅಂಗಡಿಯವನ ದನಿಯಲ್ಲಿ ಒಮ್ಮೆಲೇ ಮರ್ಯಾದೆ ಬಂತು. ‘ಫಿರ್ ತೋ ಸಾಬ್, ಬಡಾವಾಲಾ ಲೀಜಿಯೆ’ ಎಂದ. ಆ ದೊಡ್ಡದಕ್ಕೇ ಹೂಂ ಎಂದುಬಿಟ್ಟೆ. ನನ್ನನ್ನು ಅಷ್ಟು ಗೌರವದಿಂದ ಸಾಬ್ ಎಂದವರು ಅದುವರೆಗೆ ಯಾರೂ ಇರಲಿಲ್ಲ.

ಪಾರ್ಸಲ್ ಬಂದ ದಿನ ಮಹಾದೇವಿ ಅದನ್ನು ಬಿಚ್ಚಿ, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಏನ್ರಿ ಇದು?”

“ಪವರ್ ಪತಂಗ,” ಎಂದೆ.

“ಅಂದ್ರ ಕರೆಂಟಿಂದೇನು? ನಮ್ಮ ಓಣ್ಯಾಗ ಹೊತ್ತಿಗೊಮ್ಮೆ ಕರೆಂಟ್ ಹೋಗ್ತದ. ಮ್ಯಾಲಿದ್ದಾಗ ಹೋತಂದ್ರ ಯಾರ ತಲಿ ಮ್ಯಾಲ ಬೀಳ್ತದ ಇದು?”

ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ಗಾಳಿಯದು ಎಂದು ಬಿಡಿಸಿ ಹೇಳಿದೆ. ಹೇಳಬಾರದಿತ್ತು.

“ಗಾಳೀದಾ? ಹಂಗಾದ್ರ ಗಾಳಿ ಬಡದದ್ದು ನಿಮಗ. ನಾಳಿ ರಜಾ ಅದ, ಅಬ್ಬೆತುಮಕೂರಿಗೆ ಹೋಗಿ ಮಠದಾಗ ಕಾಯಿ ಒಡಿಸಿಕೊಂಡು ಬರೂಣು. ಹೋಗೋ ದಾರ್ಯಾಗ ಇದನ್ನ ಒಮ್ಮೆ ಹಾರಸ್ರಿ. ಹಾರಲಿಲ್ಲಂದ್ರ ಬರೂಮುಂದ ಟೇಲರ್ ಕಡಿ ಕೊಡ್ತೀನಿ. ಮಳಿ ಬಂತು, ಕೂಲರ್‌ಗೆ ಚಲೋ ಹೊದಿಕಿ ಆಗ್ತದ.”

ತೀರ್ಪು ಹೊರಬಿತ್ತು. ನನ್ನ ಮಾತು ಕೇಳುವ ಏಕೈಕ ವಸ್ತು ನಾಳೆ ಸಂಜೆಯೊಳಗೆ ಕೂಲರಿನ ಅಂಗಿಯಾಗಬಹುದು. ನಿದ್ದೆಯಲ್ಲೂ ಕತ್ತರಿಯ ಸಪ್ಪಳ ಕೇಳುತ್ತಿತ್ತು.

ಮರುದಿನ ಮೋಟಾರ್ ಸೈಕಲ್ಲಿನ ಮೇಲೆ ಅವಳು ತೆಂಗಿನಕಾಯಿಯ ಚೀಲ, ನಾನು ಪತಂಗದ ಚೀಲ ಇಟ್ಟುಕೊಂಡು ಹೊರಟೆವು. ದಾರಿಯ ಬದಿಗೆ ದನ ಮೇಯುವ ಬಯಲು ಭೂಮಿ, ಹತ್ತಿರದಲ್ಲಿ ಗಿಡವಿಲ್ಲ, ಕರೆಂಟಿನ ಕಂಬವಿಲ್ಲ. ಮುಂಗಾರಿನ ಗಾಳಿ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ದೂರದಲ್ಲಿ ಒಬ್ಬ ಹಿರಿಯ ಕುರಿಗಾರ ಕಂಬಳಿ ಹೊದ್ದು, ಕೋಲಿಗೆ ಗದ್ದ ಊರಿ ನಮ್ಮನ್ನೇ ನೋಡುತ್ತಿದ್ದ. ಮಹಾದೇವಿ ಪತಂಗವನ್ನು ಎತ್ತಿ ಹಿಡಿದಳು. ನಾನು ಹಿಡಿಕೆಗಳನ್ನು ಮುಷ್ಟಿಯಲ್ಲಿ ಬಿಗಿಮಾಡಿ, ಹೆಗಲ ಮೇಲಿನ ವಲ್ಲಿವಸ್ತ್ರ ಸರಿಪಡಿಸಿಕೊಂಡು, ಸಾಧ್ಯವಾದಷ್ಟು ಗಂಡಸಿನ ದನಿಯಲ್ಲಿ ‘ಬಿಡು’ ಎಂದೆ. ಮದುವೆಯಾದ ಮೇಲೆ ನನ್ನ ಮಾತನ್ನು ಅವಳು ತಕ್ಷಣ ಪಾಲಿಸಿದ್ದು ಅದೊಂದೇ ಸಲ.

ಪತಂಗ ಬುಸ್ಸೆಂದು ಉಬ್ಬಿ ಮೇಲೇರಿತು. ನಾನೂ ಹೊರಟೆ. ಎಡಕ್ಕೆ ಎಳೆದೆ, ಅದು ತನಗೆ ಬೇಕಾದಲ್ಲಿಗೆ ಹೋಯಿತು. ಬಲಕ್ಕೆ ಎಳೆದೆ, ಆಗಲೂ ಅದು ತನಗೆ ಬೇಕಾದಲ್ಲಿಗೇ ಹೋಯಿತು. ಚಪ್ಪಲಿಗಳು ಇದ್ದಲ್ಲೇ ಉಳಿದವು, ನಾನು ಬರಿಗಾಲಲ್ಲಿ ದಾಪುಗಾಲು ಹಾಕುತ್ತ ಕುರಿಗಳ ನಡುವೆ ಹಾದು, ಒಂದು ಜಾಲಿಯ ಪೊದೆಯ ಮುಂದೆ ಮೊಣಕಾಲೂರಿ ನಿಂತೆ. ಪತಂಗ ನನ್ನಿಂದ ಬೇಸತ್ತು ತಾನಾಗಿ ಕೆಳಗಿಳಿಯಿತು. ಕುರಿಗಾರ ಅವಸರವಿಲ್ಲದೆ ನಡೆದು ಬಂದು ಕೇಳಿದ.

“ಸಾಹೇಬ್ರ, ನೀವು ಅದನ್ನ ಬೆನ್ನ ಹತ್ತಿದ್ರೋ, ಅದು ನಿಮ್ಮನ್ನ ಎಳಕೊಂಡು ಹೊಂಟಿತ್ತೋ?”

ಮಹಾದೇವಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ಮುಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಕೊಡ್ರಿ ಇಲ್ಲಿ,” ಎಂದಳು. ಈ ಸಲ ನಾನು ಪತಂಗ ಹಿಡಿದೆ. ಅವಳು ಸೀರೆ ಅಂಗಡಿಯಲ್ಲಿ ನಿಲ್ಲುವಂತೆಯೇ ಕಾಲೂರಿ, ಸ್ವಲ್ಪ ಹಿಂದಕ್ಕೆ ವಾಲಿ ನಿಂತಳು. ಪತಂಗ ಏರಿತು, ಒಮ್ಮೆ ಜಗ್ಗಿ ನೋಡಿತು, ಎದುರಿಗಿರುವವರು ಯಾರೆಂದು ಅದಕ್ಕೂ ಅರ್ಥವಾಯಿತು. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ನನ್ನ ಮಾತು ಕೇಳಬೇಕಾಗಿದ್ದ ವಸ್ತುವೂ ಅವಳ ಕಡೆಗೇ ಸೇರಿತು. ಆದರೆ ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ, ಹೊಟ್ಟೆಕಿಚ್ಚು ಪಡಲಿಕ್ಕೂ ಆಗಲಿಲ್ಲ.

“ಅಲ್ರೀ,” ಎಂದಳು ನಾನು ಪಕ್ಕಕ್ಕೆ ಬಂದು ನಿಂತಾಗ, ಮೇಲೆ ನೋಡುತ್ತಲೇ, “ಇದು ನನ್ನ ಅಳತಿ ತಗೊಂಡು ಹೊಲಿಸಿದಂಗ ಅದ. ಅಂಗಡ್ಯಾಂವಗ ಏನಂತ ಹೇಳಿ ತರಿಸೀರಿ?”

ಅವಳ ಎರಡೂ ಕೈಗಳು ಹಿಡಿಕೆಗಳಲ್ಲಿದ್ದವು. ಸತ್ಯ ಹೇಳಲು ಇದಕ್ಕಿಂತ ಸುರಕ್ಷಿತವಾದ ಗಳಿಗೆ ಸಿಗಲಾರದು ಎನ್ನಿಸಿ, “ವಜನ್ ಕೇಳಿದ. ನಿಂದು ಹೇಳಿದೆ,” ಎಂದುಬಿಟ್ಟೆ.

“ನಂದು? ಗುರ್ತಿಲ್ಲದ ಊರಿನ ಗಂಡಸಿಗೆ ನನ್ನ ವಜನ್ ಹೇಳೀರಿ?”

ಸಿಟ್ಟಿನಲ್ಲಿ ಅವಳು ಗರಕ್ಕನೆ ನನ್ನ ಕಡೆ ತಿರುಗಿದಳು. ಅದೇ ಹೊತ್ತಿಗೆ ಗಾಳಿಯೂ ಜೋರಾಯಿತು. ಮಹಾದೇವಿಯ ಕಾಲು ನೆಲದ ಮೇಲೆ ಜಾರತೊಡಗಿದ್ದನ್ನು ನಾನು ಮೊದಲ ಸಲ ಕಂಡೆ. “ಹಿಡೀರಿ ನನ್ನ, ನೋಡ್ಕೋತ ನಿಂತೀರಲ್ಲ,” ಎಂದಳು. ದಾರಿಯಲ್ಲಿ ಮಠಕ್ಕೆ ಹೋಗುವ ಜನ, ಎದುರಿಗೆ ಕುರಿಗಾರ. ಹೆಂಡತಿಯನ್ನು ಹೇಗೆ ತಬ್ಬಿ ಹಿಡಿಯುವುದು? ಹೆಗಲ ಮೇಲಿನ ವಲ್ಲಿಯನ್ನು ಅವಳ ಸೊಂಟಕ್ಕೆ ಸುತ್ತಿ, ಎರಡೂ ತುದಿ ಹಿಡಿದು, ಹಿಂದಕ್ಕೆ ಜೋತುಬಿದ್ದೆ. ಮೇಲೆ ಪತಂಗ, ನಡುವೆ ಮಹಾದೇವಿ, ಹಿಂದೆ ನಾನು, ಹೀಗೆ ಬಯಲಿನ ಆ ತುದಿಯಿಂದ ಈ ತುದಿಗೆ ಮೆರವಣಿಗೆ ಬಂತು. ಅವಳು ನಡುನಡುವೆ ನನ್ನನ್ನು ಬೈಯುತ್ತಿದ್ದಳು, ನಡುನಡುವೆ ನಗುತ್ತಿದ್ದಳು.

ಕುರಿಗಾರ ನಮ್ಮ ಜೊತೆಯಲ್ಲೇ ನಡೆಯುತ್ತ ಬಹಳ ಹೊತ್ತು ವಿಚಾರ ಮಾಡಿದ.

“ಪತಂಗಕ್ಕ ಬಾಲಂಗೋಚಿ ಎಲ್ಲಿ ಅದ ಅಂತ ಆಗಿಂದ ಹುಡಕಾಕತ್ತಿದ್ದೆ,” ಎಂದ ಕೊನೆಗೆ. “ಅದು ನೀವೇನ್ರಿ ಸಾಹೇಬ್ರ? ಬಿಡಬ್ಯಾಡ್ರಿ ಮತ್ತ. ಬಾಲಂಗೋಚಿ ಇದ್ರನ ವಜನ್ ಬರ್ತದ.”

ಕೂಲರಿಗೆ ಈ ಮಳೆಗಾಲದಲ್ಲೂ ಹಳೆಯ ಚಾದರವೇ ಹೊದಿಕೆ. ಪತಂಗ ಈಗ ಮಹಾದೇವಿಯದು. ಗಾಳಿ ಇರುವ ರಜಾದಿನ ಅವಳೇ ಚೀಲ ತೆಗೆದು ಬಾಗಿಲಲ್ಲಿ ನಿಂತಿರುತ್ತಾಳೆ. ನಾನು ವಲ್ಲಿ ಹುಡುಕಿಕೊಳ್ಳುತ್ತೇನೆ. ಹಿಂದೆ ಜೋತುಬೀಳುವವನು ಹಗುರವಾದರೆ ತನಗೆ ಫಜೀತಿಯೆಂದು ಊಟಕ್ಕೆ ಕೂತಾಗ, “ಉಣ್ರಿ, ನಿಮಗ ವಜನ್ ಬೇಕು,” ಎಂದು ಕೇಳದೆಯೇ ಇನ್ನೊಂದು ರೊಟ್ಟಿ ಹಾಕುತ್ತಾಳೆ. ನನ್ನ ವಜನ್ ಬೇಕೆಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದರಲ್ಲ ಎಂಬ ಧೈರ್ಯದಲ್ಲಿ ಮೊನ್ನೆ ದನಿ ಎತ್ತರಿಸಿ, “ಇವತ್ತ ಬದನಿಕಾಯಿ ಬ್ಯಾಡ,” ಎಂದೆ. ಬಾಲಂಗೋಚಿಯನ್ನು ಕೇಳಿಕೊಂಡು ತಿರುಗುವ ಪತಂಗ ಎಲ್ಲಾದರೂ ಉಂಟೆ? ರೊಟ್ಟಿಯ ಮೇಲೆ ಎರಡು ಸೌಟು ಬದನೆಕಾಯಿ ಬಿತ್ತು.